ಒಂಬತ್ತರ ಬಳಿ ಸೆಕೆಂಡು

ಕೂತುಕೊಳ್ಳಿ ಪಾನ್ ಅಲೋಯ್ಜಿ,
ಆ ಸ್ಟೂಲು ಬೇಡ, ಅದರ ಕಾಲು ಕುಂಟು.
ನಿಮ್ಮದು ಸಿದ್ಧವಾಗಿದೆ.
ಕಟ್ಟಿಕೊಳ್ಳುವ ಮೊದಲು ನಾಲ್ಕು ಮಾತು.

ನೀವು ತಂದಾಗ ಅದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು,
ಹತ್ತಿ ಹೊದ್ದುಕೊಂಡು, ಬರಿಮೈಯಲ್ಲಿ.
ಚಿನ್ನದ ಕವಚವನ್ನು ಯಾರೋ ತೂಕಕ್ಕೆ ಮಾರಿದ್ದರು;
ಜೀವಕ್ಕೆ ತೂಕವಿಲ್ಲವಲ್ಲ, ಹಾಗಾಗಿ ಉಳಿದಿತ್ತು.
ಒಲಿವಾದ ಸಂತೆಯಲ್ಲಿ ಬರೀ ನಲವತ್ತು ಝ್ವೋತಿ ಅಂದಿರಿ.
ಅದಕ್ಕೂ ಚೌಕಾಸಿ ಮಾಡಿದೆ ಅಂದಿರಿ, ಸ್ವಲ್ಪ ನಾಚಿ.

ನಾನು ಗ್ಡಾನ್‌ಸ್ಕಿನ ಹಡಗುಕಟ್ಟೆಯಲ್ಲಿ
ಹತ್ತೊಂಬತ್ತು ವರ್ಷ ಲೇತಿನ ಮುಂದೆ ನಿಂತವಳು.
ಅಲ್ಲಿ ಶಾಫ್ಟು ನನಗಿಂತ ಉದ್ದ;
ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೆ
ಫೋರ್‌ಮನ್ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಸಮುದ್ರವೂ.
ಇಲ್ಲಿ ಅದೇ ಕೂದಲನ್ನು ಹತ್ತಾಗಿ ಸೀಳಬೇಕು.
ನಿಮ್ಮ ಮೊದಲ ಕವಚ ಎರಡು ಸೀಳು ಸಡಿಲಾಯಿತು,
ಅಲ್ಲಾಡಿಸಿದರೆ ಲಟಲಟ, ಮುದುಕನ ಬಾಯಲ್ಲಿ ಹಲ್ಲಿನ ಸೆಟ್ಟಿನ ಹಾಗೆ.
ಅದೀಗ ಕಿಟಕಿಯಲ್ಲಿದೆ, ಗುಂಡುಸೂಜಿಯ ಬಟ್ಟಲು.
ಎರಡನೆಯದು ಬಿಗಿ. ಬಿಗಿಯಾದರೆ ಒತ್ತಬೇಕು,
ಒತ್ತಬಾರದು.
ಮೂರನೆಯದನ್ನು ಕೊರೆದದ್ದು ಜನವರಿಯಲ್ಲಿ, ಹೀಟರು ಕೆಟ್ಟ ದಿನ.
ಉಕ್ಕು ಚಳಿಗೆ ಮುದುಡಿಕೊಂಡಿತ್ತು.
ಕವಚವನ್ನು ಅಂಗೈಯಲ್ಲಿ ಮುಚ್ಚಿಟ್ಟು ಬೆಚ್ಚಗೆ ಮಾಡಿದೆ,
ಯಂತ್ರವನ್ನು ಬಾಯಂಚಿಗೆ ಇಟ್ಟು ಕೈಬಿಟ್ಟೆ,
ತನ್ನ ಭಾರಕ್ಕೆ ತಾನೇ ಇಳಿಯಿತು.
ಹಡಗು ನೀರಿಗೆ ಇಳಿಯುವಾಗ ಬ್ಯಾಂಡು ಬಾರಿಸುತ್ತಾರೆ.
ಇಲ್ಲಿ ನಾನೊಬ್ಬಳೇ, ಮತ್ತೆ ಆ ಕೆಟ್ಟ ಹೀಟರು.

ಸೆಕೆಂಡು ಯಾಕೆ ಪಕ್ಕಕ್ಕೆ ಹೋಯಿತು ಅನ್ನುತ್ತೀರಿ.
ತಪ್ಪಲ್ಲ ಅದು.
ಜೇಬಿನಲ್ಲಿ ಇದು ನಿಂತೇ ಇತ್ತು, ಸರಪಳಿ ಹಿಡಿದು,
ನೆತ್ತಿಯ ಮೇಲೆ ಕೀ ಕೊಡುವ ಗುಂಡಿ,
ಪಾದದ ಬಳಿ ಸೆಕೆಂಡಿನ ಪುಟ್ಟ ವೃತ್ತ.
ಮಣಿಕಟ್ಟಿಗೆ ಬರಬೇಕಾದರೆ ಗುಂಡಿ ಬಲಕ್ಕೆ ಬರಬೇಕು,
ಅಂದರೆ ನಿಂತದ್ದನ್ನು ಮಗ್ಗುಲಿಗೆ ಮಲಗಿಸಬೇಕು:
ತಲೆ ಮೂರಕ್ಕೆ, ಪಾದ ಒಂಬತ್ತಕ್ಕೆ.
ಅಂಕಿಗಳನ್ನು ಹೊಸದಾಗಿ ಬರೆಸಬಹುದು, ಬರೆಸಿದ್ದೇನೆ.
ಪಾದವನ್ನು ಎಲ್ಲಿಗೆ ಸಾಗಿಸಲಿ?
ಹಳೆಯ ಮುಖ, ಆ ಪಿಂಗಾಣಿಯದು, ಈ ಲಕೋಟೆಯಲ್ಲಿದೆ.
ಬಿರುಕು ಹಾಗೇ ಇದೆ. ಎಸೆಯಬೇಡಿ.

ಇನ್ನೊಂದು.
ಜೇಬು ಅಂದರೆ ಕತ್ತಲು, ಉಣ್ಣೆ, ಯಾರದೋ ನಿಧಾನ ಉಸಿರು.
ಕೈ ಅಂದರೆ ಬಾಗಿಲು, ಸುತ್ತಿಗೆ, ಬೇರೆಯವರ ಕೈ.
ಏಟು ತಡೆಯುವ ಉಪಾಯ ಇದಕ್ಕೆ ಗೊತ್ತಿಲ್ಲ;
ಇದರ ಕಾಲದಲ್ಲಿ ಯಾರೂ
ಕಾಲವನ್ನು ಬೀಸಿಕೊಂಡು ನಡೆಯುತ್ತಿರಲಿಲ್ಲ.
ಕ್ರೇನು ಹತ್ತುವಾಗ ಬಿಚ್ಚಿಡಿ. ಸೌದೆ ಒಡೆಯುವಾಗ ಬಿಚ್ಚಿಡಿ.
ಮೊಮ್ಮಗಳ ಮದುವೆಯಲ್ಲಿ ಚಪ್ಪಾಳೆ ತಟ್ಟುವಾಗಲೂ...
ಸರಿ, ಅಲ್ಲಿ ಕಟ್ಟಿಕೊಂಡೇ ಹೋಗಿ,
ಬಲಗೈಯಿಂದ ಮೇಜು ತಟ್ಟಿ.
ದಿನಕ್ಕೆ ಇಪ್ಪತ್ತು ಸೆಕೆಂಡು ಮುಂದೆ ಓಡುತ್ತದೆ,
ಮಲಗುವುದು ಇನ್ನೂ ಅಭ್ಯಾಸವಾಗಿಲ್ಲ.

ಇದನ್ನು ಹೇಳಲೋ ಬೇಡವೋ ಅಂತಿದ್ದೆ.
ಮುಖ ಕಳಚಿದಾಗ, ಕೆಳಗಿನ ಹಿತ್ತಾಳೆಯ ಮೇಲೆ
ಭೂತಗನ್ನಡಿಗೆ ಮಾತ್ರ ಕಾಣುವ ಗೀಚು:
ಎಫ್ರಾಯಿಮ್. ಮಾರ್ಚ್ ಮೂವತ್ತಾರು. ಸ್ಪ್ರಿಂಗ್ ಹೊಸದು.
ಅದರ ಮೇಲೆ ಇನ್ನಿಬ್ಬರು, ಬೇರೆ ಕೈಬರಹ, ಹಿಂದಿನ ವರ್ಷಗಳು.
ಕೆಳಗೆ ಯಾರೂ ಇಲ್ಲ.
ಮೂವತ್ತಾರರ ಆಚೆ ಹಿತ್ತಾಳೆ ನುಣ್ಣಗಿದೆ.
ಈ ಊರಿನಲ್ಲಿ ಅದರ ಅರ್ಥವನ್ನು ಯಾರೂ ಯಾರಿಗೂ ಕೇಳುವುದಿಲ್ಲ.
ನಾನು ಅಲ್ಲಿ ಹೆಸರು ಗೀಚಲಿಲ್ಲ.
ನನ್ನದು ಕವಚದ ಒಳಮೈಗಿದೆ, ಬೊಗ್ನಾ ಅಂತ,
ಗೋಡೆ ಕಟ್ಟಿದವಳು ಗೋಡೆಗೆ ಬರೆದ ಹಾಗೆ.

ಸ್ಪ್ರಿಂಗ್ ಅವನದೇ.
ದಣಿದಿದೆ; ಇಪ್ಪತ್ತೆಂಟು ಗಂಟೆಗೆ ನಿಂತುಬಿಡುತ್ತದೆ.
ಬದಲಿಸಿ ಅಂದರೆ ಬದಲಿಸುತ್ತೇನೆ,
ಒಂದು ಗಂಟೆಯ ಕೆಲಸ, ಡ್ರಾಯರಿನಲ್ಲಿ ಹೊಸದಿದೆ.
ಅಲ್ಲಿಯವರೆಗೆ ದಿನಾ ಬೆಳಿಗ್ಗೆ
ಕೆಟಲನ್ನು ಒಲೆಗಿಟ್ಟು ಕೀ ಕೊಡಿ,
ಹದಿನೆಂಟು ಸುತ್ತು, ಅವಸರ ಬೇಡ.
ಹತ್ತೊಂಬತ್ತನೆಯದಕ್ಕೆ ಒಳಗಿಂದ ಯಾರೋ
ಸಾಕು ಅಂದ ಹಾಗಾಗುತ್ತದೆ.
ಸಾಕು ಮಾಡಿ.