ನಲವತ್ತೈದು ಕಿಲೋ ಹೆಚ್ಚು

ತೂಕದ ಮಾತು ಮೊದಲು ಎತ್ತಿದವನು ಓರ್ವಿಲ್.
ಬೆಳಗಿನ ಆರೂವರೆ, ವೇಲ್‌ಮೌಂಟಿನಾಚೆ ಅವನ ಶೆಡ್ಡಿನ ಮುಂದೆ,
ನನ್ನ ಹೊಸ ಗಾಡಿಯ ಹಿಂದಿನ ಬಂಪರ್ ಹಿಡಿದು
ಎತ್ತಿ ನೋಡಿದ. ಏಳಲಿಲ್ಲ.
"ಹೆಣಭಾರ," ಅಂದ. "ಹೊರುವುದಕ್ಕೆ ನಾಲ್ಕು ಜನ ಬೇಕು."

ಅವನದು ಎರಡು ಸ್ಟ್ರೋಕಿನದು.
ಹಗ್ಗ ಎಳೆದರೆ ಒಂದೇ ಎಳೆತಕ್ಕೆ ರೇಗುತ್ತದೆ,
ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡ ಜಾತಿ.
ಉಣ್ಣುತ್ತಲೇ ಉಗುಳುತ್ತದೆ, ಉಗುಳುತ್ತಲೇ ಉಣ್ಣುತ್ತದೆ.
ನೀಲಿ ಹೊಗೆ, ಸುಟ್ಟ ಎಣ್ಣೆಯ ಸಿಹಿ ಘಮಲು
ಅಂಗಿಗೆ, ಗಡ್ಡಕ್ಕೆ,
ಮೇವಿಸ್ ಹೇಳುವಂತೆ ದಿಂಬಿಗೂ.

ನನ್ನದು ನಾಲ್ಕು.
ಎಳೆದುಕೋ, ಅದುಮು, ಉರಿಸು, ಹೊರಗೆ ಹಾಕು;
ಅವಸರವಿಲ್ಲ, ದೊಡ್ಡವರ ಮನೆಯ ಊಟ.
ಹೊರಗೆ ಹಾಕಿದ್ದೂ ದಂಡವಲ್ಲ:
ಆ ಬಿಸಿಯುಸಿರೇ ಟರ್ಬೊದ ಪುಟ್ಟ ಗಾಲಿ ತಿರುಗಿಸಿ
ಮುಂದಿನ ಉಸಿರನ್ನು ಒಳಕ್ಕೆ ತುರುಕುತ್ತದೆ.
ಇದನ್ನೆಲ್ಲ ಅವನಿಗೆ ವಿವರಿಸಿದೆ.
"ತನ್ನ ಎಂಜಲು ತಾನೇ," ಅಂದ.

ಮರಗಳ ನಡುವೆ ಅವನೇ ಗೆದ್ದ, ಒಪ್ಪುತ್ತೇನೆ.
ಸೊಂಟ ತಿರುಗಿದರೆ ಸಾಕು, ಗಾಡಿಯೂ ತಿರುಗಿತು;
ಇಳಿಜಾರಿಗೆ ಅಡ್ಡಲಾಗಿ, ಒಂದೇ ಸ್ಕಿಯ ಅಂಚಿನಲ್ಲಿ,
ಬೇಲಿಯ ಮೇಲಿನ ಬೆಕ್ಕು.
ನಾನು ಬೆವೆತೆ, ಬೈದೆ,
ಸ್ಪ್ರೂಸ್ ಬುಡದ ಗುಂಡಿಗಳ ಹತ್ತಿರ ಎರಡು ಸಲ ದೇವರನ್ನು ನೆನೆದೆ.
ಥ್ರಾಟಲ್ ಒತ್ತಿದರೆ ಒಂದು ಗಳಿಗೆ ಮೌನ,
ಯೋಚಿಸಿ ಉತ್ತರಿಸುವ ಮಾವನ ಹಾಗೆ.
ಆಮೇಲೆ ಎಲ್ಲ ಉತ್ತರವೂ ಒಟ್ಟಿಗೇ.

ಮರಗಳು ಮುಗಿದ ಮೇಲೆ ಕಥೆ ಬೇರೆ.
ಏಳು ಸಾವಿರ ಅಡಿ. ಗಾಳಿಯೆಂದರೆ ನೀರು ಬೆರೆಸಿದ ಹಾಲು.
ಅವನ ಇಂಜಿನ್ನಿಗೆ ಕೂಗು ಅದೇ, ಕಸುವಿಲ್ಲ;
ಬೋಳುಗುಡ್ಡದ ಅರ್ಧಕ್ಕೇ ಬಾಗಿ ಇಳಿದುಬಿಟ್ಟ.
ನನ್ನದಕ್ಕೆ ಎತ್ತರ ಗೊತ್ತೇ ಆಗಲಿಲ್ಲ.
ಸೀಟಿಯಂಥ ಸಣ್ಣ ಸದ್ದು, ಅದರಡಿ ಗುಡುಗದ ಗುಡುಗು,
ಟ್ರ್ಯಾಕಿನ ಹಿಂದೆ ಹಿಮ ಎದ್ದು ನಿಂತು,
ನಾನು ನೆತ್ತಿಯಲ್ಲಿ. ಕೆಳಗೆ ಓರ್ವಿಲ್, ಒಂದು ಮೆಣಸಿನಕಾಳು.
ಕೈ ಬೀಸಿದೆ.
ಅವನು ಬೀಸಲಿಲ್ಲ.

ಗರ್ವಕ್ಕೂ ಗುಂಡಿಗೂ ಬಹಳ ದೂರ ಇರುವುದಿಲ್ಲ.
ಇಳಿಯುವಾಗ ಒಂದು ಹಳ್ಳದ ಮಡಿಲಿಗೆ
ಮೂಗು ಮೊದಲಾಗಿ ಹೋಗಿ ಕೂತಿತು ಗಾಡಿ, ಹ್ಯಾಂಡಲಿನ ತನಕ.
ಎದೆಮಟ್ಟದ ಹಿಮ. ಅಗೆದೆ. ಎಳೆದೆ.
ಆ ನಲವತ್ತೈದು ಕಿಲೋ
ಒಂದೊಂದಾಗಿ ತಮ್ಮ ಹೆಸರು ಹೇಳಿಕೊಂಡವು.

ಬಂದ. ನಗಲಿಲ್ಲ. ಸಲಿಕೆಗೆ ಹಿಡಿ ಜೋಡಿಸಿದ.
ಮುಕ್ಕಾಲು ಗಂಟೆ ಮಂಡಿಯೂರಿ ಇಬ್ಬರೂ.
ಇಪ್ಪತ್ತಾರು ಚಳಿಗಾಲ ಒಟ್ಟಿಗೆ ಹತ್ತಿದ್ದೇವೆ,
ಹೆಲ್ಮೆಟ್ ತೆಗೆದು ಇಷ್ಟು ಹೊತ್ತು ಮಾತಾಡಿದ್ದಿಲ್ಲ.
ಹಗುರ ಗಾಡಿಯವನು ಸಿಕ್ಕಿಬಿದ್ದರೆ
ಒಬ್ಬನೇ ಎತ್ತಿಕೊಂಡು ಹೊರಟುಬಿಡುತ್ತಾನೆ.
ಮರದ ಮಿಲ್ಲಿನ ಸುದ್ದಿ, ಅವನ ಭುಜದ ನೋವು,
ಬಿಟ್ಟುಹೋದ ನನ್ನ ಡೋರೀನ್.
ಅವಳ ಹೆಸರು ಮೊದಲು ಎತ್ತಿದವನೂ ಓರ್ವಿಲ್.

ಆಮೇಲೆ, ಸ್ಕಿಯ ಕೆಳಗೆ ಕೆದರುತ್ತ:
"ಹಳೇದು ಮಾರು, ನಾಲ್ಕು ಸ್ಟ್ರೋಕಿನದು ತಗೋ ಅಂತೀಯ. ಕೇಳು.
ನಾನು ಸೇತುವೆ ದಾಟಿದ್ದು ಮೇವಿಸ್‌ಗೆ ಅಡುಗೆಮನೆಯಲ್ಲೇ ಕೇಳುತ್ತೆ.
ಆಗ ಸೂಪು ಒಲೆಗಿಡುತ್ತಾಳೆ.
ಅಷ್ಟೇ ಕಾರಣ."
ಕಾರಣ ದೊಡ್ಡದಲ್ಲವೆಂಬಂತೆ ಕೆಮ್ಮಿದ.

ಒಂದು, ಎರಡು, ಮೂರು. ಎತ್ತಿದೆವು.

ಸಂಜೆ ಅವನು ಮುಂದೆ, ಕಣಿವೆಗೆಲ್ಲ ಕೇಳುವಂತೆ ಅರಚಿಸುತ್ತ.
ಇಳಿಜಾರನ್ನು ಇಂಜಿನ್ನೇ ಬಿಗಿಹಿಡಿದಿತ್ತು;
ಬ್ರೇಕು ಮುಟ್ಟದೆ ನಾನು ಹಿಂದೆ,
ಅವನ ನೀಲಿ ಹೊಗೆ ಕುಡಿಯುತ್ತ.
ಸೇತುವೆ. ಕಿಟಕಿಯಲ್ಲಿ ಒಂದು ನೆರಳು ಎದ್ದಿತು.

ಮೇವಿಸ್ ಅವನ ಕೋಟಿನ ಹಿಮ ಕೊಡವಿದಳು.
ಮೇಜಿನ ಮೇಲೆ ಎರಡು ಬಟ್ಟಲು, ಎರಡು ಚಮಚ.
"ಅವನೆಲ್ಲಿ? ಗುಡ್ಡದಲ್ಲೇ ಬಿಟ್ಟು ಬಂದೆಯಾ?"
ಹೊಸ್ತಿಲಲ್ಲೇ ಇದ್ದೆ ನಾನು, ಕೈಗವಸು ಕಳಚುತ್ತ.
"ಅಯ್ಯೋ, ಯಾವಾಗ ಬಂದೆ? ಸದ್ದೇ ಇಲ್ಲ!"

ಮೂರನೆಯ ಬಟ್ಟಲು ಕಪಾಟಿನ ಮೇಲುಹಲಗೆಯಲ್ಲಿತ್ತು.
ತುದಿಗಾಲಲ್ಲಿ ನಿಂತು ತೆಗೆದು,
ಸೆರಗಿಲ್ಲದ ಅಂಗಿಯ ತುದಿಯಿಂದ
ಧೂಳು ಒರೆಸಿದಳು.