ಕಚ್ಚಿದ ಕೋಳಿ

ಪೇಚ್ ಊರಿನ ಭಾನುವಾರದ ಸಂತೆ.
ಹಳೇ ಕಂಬಳಿಯ ಮೇಲೆ ನನ್ನ ಅಂಗಡಿ:
ತಗಡಿನ ಕಪ್ಪೆ, ಕಿವಿ ಹರಿದ ಕರಡಿ,
ಚಾವಿ ಕೊಟ್ಟರೆ ಕುಕ್ಕುವ ಕೋಳಿ.

ಡಬ್ಬಿ ಒಡೆಯದ್ದಕ್ಕೇ ಚಿನ್ನದ ಬೆಲೆ.
ಮಕ್ಕಳ ಕೈ ತಾಕದ ಆಟಿಕೆಯೇ ಬೇಕು ಗಿರಾಕಿಗಳಿಗೆ.
ಎಟೆಲ್ಕಾ ಮಾತ್ರ ಬೇರೆ.
ಅರವತ್ತು ದಾಟಿದವಳು, ಮೊಹಾಚ್‌ನಿಂದ ಮೊದಲ ಬಸ್ಸಿಗೆ ಬಂದು
ಒಂದೊಂದೇ ಕೋಳಿಯನ್ನೆತ್ತಿ
ಬಣ್ಣ ನೋಡಳು, ಸ್ಪ್ರಿಂಗ್ ಕೇಳಳು,
ಜುಟ್ಟಿನ ಮೇಲೆ ಹೆಬ್ಬೆರಳು ಸವರುವಳು
ಹಣೆ ಮುಟ್ಟಿ ಜ್ವರ ನೋಡುವ ಹಾಗೆ.

"ತಮ್ಮ ಕಚ್ಚಿದ್ದ. ಇಲ್ಲೇ."
ಅಷ್ಟೇ. ತಮ್ಮನ ಮುಂದಿನ ಕತೆ ಹೇಳಲಿಲ್ಲ,
ನಾನೂ ಕೆದಕಲಿಲ್ಲ.
ಮನೆಯಲ್ಲಿ ಹತ್ತೊಂಬತ್ತು ಕೋಳಿ ಇವೆಯಂತೆ,
ಬಿಟ್ಟು ಬರಲು ಮನಸ್ಸಾಗದೆ ಕೊಂಡವು.
ಒಂದಕ್ಕೂ ಹಲ್ಲಿನ ಗುರುತಿಲ್ಲ.

ಮಳೆ ಹಿಡಿದು ವ್ಯಾಪಾರ ಬಿದ್ದ ಮಾರ್ಚಿನಲ್ಲಿ
ಇಕ್ಕಳ ಕೈಗೆತ್ತಿಕೊಂಡೆ.
ಮೆತ್ತಗೆ, ಮೇಲೊಂದು ಕೆಳಗೊಂದು ಕಚ್ಚು.
ಗಾಯಕ್ಕೆ ಉಪ್ಪುನೀರು ಸವರಿ ತುಕ್ಕು ಬರಿಸಿದೆ.

ಆಕೆಯ ಹೆಬ್ಬೆರಳು ಬಂತು, ನಿಂತಿತು.
ನಾನು ಚಿಲ್ಲರೆ ಎಣಿಸುವಂತೆ ನಟಿಸಿದೆ.
"ಅವನಿಗಾಗ ಮೇಲಿನ ಹಲ್ಲು
ಇನ್ನೂ ಬಂದಿರಲಿಲ್ಲ, ದೆಜೋ,"
ಎಂದು ಕೋಳಿಯನ್ನು ಕೆಳಗಿಟ್ಟಳು.
ಸಿಟ್ಟಿಲ್ಲ; ಹುಡುಗನ ಲೆಕ್ಕ ತಿದ್ದಿದ ದನಿ.

ಮುಂದಿನ ಭಾನುವಾರವೂ ಬಂದಳು.
ಕೋಳಿ ನನ್ನಲ್ಲೇ ಇದೆ. ಕೇಳಿದವರಿಗೆ
ಮಾರಾಟಕ್ಕಲ್ಲ ಅನ್ನುತ್ತೇನೆ.
ರಾತ್ರಿ ಚಾವಿ ಕೊಟ್ಟರೆ
ಅಡುಗೆಮನೆಯ ಮೇಜನ್ನು ಟಕಟಕ ಕುಕ್ಕುತ್ತ ಹೋಗುತ್ತದೆ,
ನಾನು ಬ್ರೆಡ್ಡಿನ ಪುಡಿ ಒರೆಸದೆ ಬಿಟ್ಟ ಕಡೆಗೇ.