ಶೋತಿಯ ತುದಿ

ಬೆಳಿಗ್ಗೆ ಆರಕ್ಕೆ ಮ್ತಾತ್ಸ್‌ಮಿಂದಾ ಗುಡ್ಡದ ಮೆಟ್ಟಿಲು ಹತ್ತುತ್ತೇನೆ.
ಗುಡ್ಡಕ್ಕೆ ಹಗ್ಗದ ರೈಲಿದೆ, ಅದರ ಟಿಕೆಟ್ ಕೊಡುವವಳೇ ನಾನು.
ಇಪ್ಪತ್ತೆರಡು ವರ್ಷ ಊರನ್ನೆಲ್ಲ ಮೇಲೆ ಕಳಿಸಿ
ಕೆಳಗೆ ಕೂತೆ.
ಕುರ್ಚಿ ನನ್ನ ಆಕಾರ ಕಲಿತುಬಿಟ್ಟಿದೆ.
ಡಾಕ್ಟರ್ ಇಯಾಮ್ಜೆ ಹೇಳಿದಳು: ಹದಿನೆಂಟು ಕಿಲೋ ಇಳಿಸು,
ನಿನ್ನ ಮಂಡಿಗಳು ರಾಜೀನಾಮೆ ಬರೆದಿಟ್ಟಿವೆ.

ಹತ್ತುವುದು ಸುಲಭ. ಸುಳ್ಳು, ಸುಲಭವಲ್ಲ,
ಆದರೆ ಗೊತ್ತಾಗುತ್ತದೆ: ಒಂದು ಕಾಲಿಡು, ಇನ್ನೊಂದಿಡು,
ನಡುವೆ ಯಾರನ್ನಾದರೂ ಬಯ್ಯಿ.
ಕಷ್ಟ ಶುರುವಾಗುವುದು ಇಳಿದ ಮೇಲೆ.
ಕೆಳಗೆ ಜುಮ್ಬೇರನ ಬಾವಿಯಂಥ ಮಣ್ಣೊಲೆ,
ಸೊಂಟದವರೆಗೆ ಅದರೊಳಗೆ ಬಗ್ಗಿ
ದೋಣಿಯಂಥ ಶೋತಿಯನ್ನು ಗೋಡೆಯಿಂದ ಕಿತ್ತು ತೆಗೆಯುತ್ತಾನೆ.
ಬೀದಿಯೆಲ್ಲ ಘಮ್ಮೆನ್ನುತ್ತದೆ.
"ತ್ಸಿಯಾಲಾ, ಎಷ್ಟು?"

ದಿನಾ ಅದೇ ಪ್ರಶ್ನೆ.
ಮಗಳು ಕೊಟ್ಟ ಹಳೇ ಫೋನು ಹೇಳುತ್ತದೆ,
ಇವತ್ತು ಸುಟ್ಟಿದ್ದು ಇನ್ನೂರ ಮೂವತ್ತು.
ಇಡೀ ಶೋತಿ ತಿಂದರೆ ಸುಟ್ಟದ್ದೆಲ್ಲ ಬೂದಿ ಕೊಡವಿಕೊಂಡು ಎದ್ದು ಬರುತ್ತದೆ,
ಜೊತೆಗೆ ನೆಂಟರನ್ನೂ ಕರೆತರುತ್ತದೆ.
ಅರ್ಧ ತಿಂದ ದಿನ ಹನ್ನೊಂದಕ್ಕೆ ಕೈ ನಡುಗಿ
ಪೋಲೆಂಡಿನ ಮುದುಕನಿಗೆ ಚಿಲ್ಲರೆ ಜಾಸ್ತಿ ಕೊಟ್ಟೆ.
ಏನೂ ತಿನ್ನದ ದಿನ, ನಡುರಾತ್ರಿ, ಫ್ರಿಜ್ಜಿನ ಬೆಳಕಿನಲ್ಲಿ ನಿಂತು
ಅಕ್ರೋಟಿನ ಗಸಿ ಬಳಿದ ಬದನೆ ಎಂಟು ತಿಂದೆ,
ಬೆರಳು ನೆಕ್ಕಿದೆ, ಬಾಗಿಲು ಹಾಕಿದೆ,
ಮತ್ತೆ ತೆಗೆದೆ.

ಹಸಿವು ಒಂಟಿ ಅಂದುಕೊಂಡಿದ್ದೆ. ನೋಡಿದರೆ ಮನೆತುಂಬ ಜನ.
ಹೊಟ್ಟೆ ಪಾಪ, ನಾಲ್ಕು ತುತ್ತಿಗೆ ಸುಮ್ಮನಾಗುತ್ತದೆ.
ಕಣ್ಣಿಗೆ ತಟ್ಟೆ ಬರಿದಾಗಬಾರದು.
ಗಿರಾಕಿಯಿಲ್ಲದ ಜನವರಿಯಲ್ಲಿ ಕೈಗೆ ಏನಾದರೂ ಬೇಕು,
ಸೂರ್ಯಕಾಂತಿ ಬೀಜವಾದರೂ ಸರಿ.
ಮೂಲೆಯಲ್ಲಿ ಇನ್ನೊಬ್ಬಳಿದ್ದಾಳೆ, ಹತ್ತೊಂಬತ್ತರ ಹುಡುಗಿ,
ಅವಳು ಕೇಳುವುದಿಲ್ಲ. ಬಚ್ಚಿಡುತ್ತಾಳೆ.

ಆ ಚಳಿಗಾಲ ತ್ಬಿಲಿಸಿಯಲ್ಲಿ ಕರೆಂಟಿರಲಿಲ್ಲ.
ರಾತ್ರಿ ಮೂರಕ್ಕೆ ರೊಟ್ಟಿಯ ಸಾಲಿನಲ್ಲಿ ನಿಂತು
ಅಂಗೈ ಮೇಲೆ ಶಾಯಿಯಲ್ಲಿ ನಂಬರ್ ಬರೆಸಿಕೊಂಡೆ, ನೂರ ಹದಿನಾಲ್ಕು.
ಬೆಳಗಾಗುವಾಗ ಸಿಕ್ಕಿದ್ದು ಒಂದು. ಒದ್ದೆ, ಕಲ್ಲಿನ ಭಾರ.
ಚಾಕುವಿಗೆ ಚೂರು ಅಂಟೀತೆಂದು
ಅಪ್ಪ ಅದನ್ನು ದಾರದಲ್ಲಿ ಕೊಯ್ದು ಐದು ಮಾಡಿದ.
ತನ್ನದು ಮುಗಿಸಿ ತಮ್ಮ ಉಷಂಗಿ ನನ್ನ ಪಾಲನ್ನೇ ನೋಡುತ್ತಿದ್ದ.
ನಾನು ಕೊಟ್ಟೆನೋ, ಇಲ್ಲವೋ?
ನೆನಪಿಲ್ಲ. ಮೂವತ್ತು ವರ್ಷದಿಂದ ಹುಡುಕುತ್ತಿದ್ದೇನೆ,
ನೆನಪಿಲ್ಲ.
ಆಗ ನನ್ನ ತೂಕ ನಲವತ್ತಮೂರು.
ಯಾರೂ ಶಭಾಷ್ ಅನ್ನಲಿಲ್ಲ.

ಹೋದ ಭಾನುವಾರ ಉಷಂಗಿಯ ನಲವತ್ತನೇ ದಿನದ ಊಟ.
ಉದ್ದನೆ ಮೇಜು, ಗ್ಲಾಸು ತಾಗಿಸದೆ ಕುಡಿಯುವ ಗಂಡಸರು,
ಕುರಿಮಾಂಸದ ಮೆತ್ತನೆ ಅನ್ನ ಆವಿಯಾಡುತ್ತಿತ್ತು.
ನಾದಿನಿ ಬಡಿಸಿದಳು, ಒಂದು ಗುಡ್ಡ;
ಅದಕ್ಕೆ ರೈಲಿಲ್ಲ.
"ಇವತ್ತು ಬೇಡ ಅನ್ನಬೇಡ, ಅವನಿಗೆ ಮುಟ್ಟುವುದಿಲ್ಲ."
ತಿಂದೆ. ಮೆಲ್ಲಗೆ.
ಅಷ್ಟು ಮೆಲ್ಲಗೆ ಯಾವತ್ತೂ ತಿಂದವಳಲ್ಲ,
ಒಂದೊಂದು ಅಗುಳನ್ನೂ ಹೆಸರಿಡಿದು ಕರೆದ ಹಾಗೆ.
ಒಂಬತ್ತನೇ ಚಮಚಕ್ಕೆ ಒಳಗೆ ಯಾರೋ
ತಮ್ಮ ಪಾಡಿಗೆ ಎದ್ದು ಹೊರಟುಹೋದರು.
ಚಮಚ ಕೆಳಗಿಟ್ಟೆ. ನಾದಿನಿ ನೋಡಿದಳು.
"ಉಳಿದದ್ದು ಅವನ ಪಾಲು" ಅಂದೆ.
ಅವಳಿಗೆ ಅರ್ಥವಾಗಲಿಲ್ಲ. ತಟ್ಟೆ ಮಾತ್ರ ಎತ್ತಲಿಲ್ಲ.

ನಾಲ್ಕು ವಾರಕ್ಕೆ ಇಳಿದದ್ದು ಒಂದೂಕಾಲು ಕಿಲೋ.
ಇಯಾಮ್ಜೆ ಮೂಗು ಮುರಿದಳು.
ನಾನು ಬೂಟು ಬಿಚ್ಚಿ ಇನ್ನೊಮ್ಮೆ ನಿಂತೆ,
ಒಂದೂವರೆ.

ಇವತ್ತೂ ಜುಮ್ಬೇರ ಕೇಳಿದ. ಅರ್ಧ ಅಂದೆ.
"ದೋಣಿ ಅರ್ಧ ಮಾರುವವರುಂಟೇ?" ಅಂತ ನಕ್ಕ.
ಒಂದು ಕೊಂಡೆ. ತುದಿ ಮುರಿದೆ,
ಬೆಂಕಿಗೆ ಹತ್ತಿರ ಹೋಗಿ ಬಂದ, ಗರಿಗರಿಯಾದ, ಸ್ವಲ್ಪ ಕಹಿಯಾದ ತುದಿ.
ನಿಂತು ಅಗಿದೆ.
ಉಳಿದದ್ದು ಚೀಲದಲ್ಲಿ ಬೆಚ್ಚಗೆ ಸೊಂಟಕ್ಕೆ ತಾಗುತ್ತ
ನನ್ನ ಜೊತೆ ಕೆಲಸಕ್ಕೆ ಬರುತ್ತಿದೆ.
ಹನ್ನೊಂದಕ್ಕೆ ಕೇಳುತ್ತೇನೆ,
ಯಾರಿಗೆ ಬೇಕಂತೆ, ನೋಡೋಣ.